ಫೈಲಿನಲ್ಲಿ ಬರೆದ ‘ಬೇಡ’: ಒಬ್ಬ ಗರ್ಭಿಣಿ, ಒಂದು ಫ್ಲೂ ಲಸಿಕೆ, ಕಳೆದುಹೋದ 11 ವಾರ

ಆಕೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ವಯಸ್ಸು, ಮನೆಯವರ ವಿವರ ಕೆಲವನ್ನು ಬದಲಿಸಿದ್ದೇನೆ. ಬಸಿರಿನ ವಾರಗಳ ಲೆಕ್ಕವನ್ನು ಮಾತ್ರ ಮುಟ್ಟಿಲ್ಲ. ಈ ಪ್ರಕರಣದ ಜೀವ ಇರುವುದೇ ಆ ಲೆಕ್ಕದಲ್ಲಿ.

ಹಿನ್ನೆಲೆ

ಆಕೆಗೆ 31 ವರ್ಷ. ಮೂರನೇ ಬಸಿರು. ಮೊದಲ ಮಗುವಿಗೆ 4 ವರ್ಷ, ಆಗತಾನೇ ಶಾಲೆಗೆ ಸೇರಿತ್ತು. ಎರಡನೇ ಬಸಿರು 9ನೇ ವಾರದಲ್ಲಿ ಹೋಗಿತ್ತು. ಚಿಕ್ಕಂದಿನಿಂದ ಸ್ವಲ್ಪ ಉಬ್ಬಸ ಇತ್ತು, ಬೇಕೆನಿಸಿದಾಗ ಮಾತ್ರ ಇನ್‌ಹೇಲರ್ ತೆಗೆದುಕೊಳ್ಳುತ್ತಿದ್ದರು. ಮನೆಯಲ್ಲಿ ಗಂಡ, ಮಗು, 67 ವರ್ಷದ ಅತ್ತೆ. ಅತ್ತೆಗೆ ತುಂಬಾ ವರ್ಷಗಳಿಂದ ಸಕ್ಕರೆ ಕಾಯಿಲೆ.

ಈಗ ಇದನ್ನು ಬರೆಯುವಾಗ ನನಗೆ ಎಲ್ಲವೂ ಎದ್ದು ಕಾಣುತ್ತಿದೆ. ಗರ್ಭಿಣಿ, ಅದರ ಜೊತೆಗೆ ಉಬ್ಬಸ. ವಯಸ್ಸಾದ, ಸಕ್ಕರೆ ಕಾಯಿಲೆಯ ಅತ್ತೆ. ದಿನಾ ಶಾಲೆಯಿಂದ ನೆಗಡಿ ಹೊತ್ತು ತರುವ ಪುಟ್ಟ ಮಗು. ಕೆಲವೇ ತಿಂಗಳಲ್ಲಿ ಅದೇ ಮನೆಗೆ ಬರಲಿರುವ ಹಸುಗೂಸು. ಫ್ಲೂ ಕಾಲಿಡುವುದಕ್ಕೆ ಇಂಥ ಮನೆಗಿಂತ ಅಪಾಯದ ಜಾಗ ಇನ್ನೊಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಫ್ಲೂ ಲಸಿಕೆಗೆ ಗರ್ಭಿಣಿಯರನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿತ್ತು. 2022ರಲ್ಲಿ ಸಲಹೆಯನ್ನು ಹೊಸದಾಗಿ ಹೊರಡಿಸಿದಾಗಲೂ ಗರ್ಭಿಣಿಯರು, ವಯಸ್ಸಾದವರು, ಬೇರೆ ಕಾಯಿಲೆ ಇರುವವರು ಮೊದಲ ಸಾಲಿನಲ್ಲೇ ಇದ್ದರು.

ನನಗೆ ಇದೆಲ್ಲ ಗೊತ್ತಿತ್ತು. ಆದರೂ ಮೊದಲ ತಪ್ಪು ನನ್ನದೇ.

14ನೇ ವಾರದಲ್ಲಿ ಆಕೆ ತಪಾಸಣೆಗೆ ಬಂದಾಗ ಆ ವರ್ಷದ ಲಸಿಕೆ ನಮ್ಮಲ್ಲಿಗೆ ಬಂದಿತ್ತು. ಫ್ಲೂ ಹರಡುವ ಕಾಲ ಶುರುವಾಗಲು ಇನ್ನೂ ಎರಡು ತಿಂಗಳಿತ್ತು. ಹಾಕಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಮಯ ಇಲ್ಲ. ರಕ್ತದೊತ್ತಡ ನೋಡಿದೆ, ಸ್ಕ್ಯಾನ್ ವರದಿ ನೋಡಿದೆ, ಮಾತ್ರೆ ಬರೆದೆ. ಆಕೆ ಎದ್ದು ನಿಂತ ಮೇಲೆ ನೆನಪಾಗಿ ಹೇಳಿದೆ: “ಫ್ಲೂ ಲಸಿಕೆ ಬಂದಿದೆ. ಬೇಕಿದ್ರೆ ಹಾಕಿಸ್ಕೋಬಹುದು.”

“ಬೇಡ ಡಾಕ್ಟ್ರೇ,” ಅಂದರು.

ನಾನು ಯಾಕೆ ಅಂತ ಕೇಳಲಿಲ್ಲ. ಹೊರಗೆ ಇನ್ನೂ ಹನ್ನೆರಡು ಜನ ಕೂತಿದ್ದರು. ಫೈಲಿನಲ್ಲಿ ಬರೆದೆ: ‘ಫ್ಲೂ ಲಸಿಕೆ — ನಿರಾಕರಿಸಿದ್ದಾರೆ.’

ಸಮಸ್ಯೆ

ಆ ಒಂದು ಪದ ಮುಂದಿನ 11 ವಾರ ಬಾಗಿಲಿಗೆ ಬೀಗದ ಹಾಗೆ ಕೂತುಬಿಟ್ಟಿತು.

18ನೇ ವಾರದಲ್ಲಿ ಆಕೆಯನ್ನು ನೋಡಿದ್ದು ನನ್ನ ಸಹೋದ್ಯೋಗಿ. 22ನೇ ವಾರದಲ್ಲಿ ನಾನೇ ನೋಡಿದೆ. ಇಬ್ಬರೂ ಫೈಲು ತೆರೆದೆವು, ಆ ಸಾಲು ಓದಿದೆವು, ಮುಂದಕ್ಕೆ ಹೋದೆವು. ನಿರಾಕರಿಸಿದವರನ್ನು ಮತ್ತೆ ಕೇಳಿದರೆ ಒತ್ತಾಯ ಮಾಡಿದ ಹಾಗಾಗುತ್ತದೆ ಎಂಬ ಸಂಕೋಚ ಒಂದು ಕಡೆ. ಮುಗಿದ ವಿಷಯ ಎಂಬ ಭಾವನೆ ಇನ್ನೊಂದು ಕಡೆ. ಆದರೆ ಆಕೆಯ ಮಟ್ಟಿಗೆ ಅದು ಮುಗಿದಿರಲೇ ಇಲ್ಲ. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ ಅಂತ ಆಮೇಲೆ ಆಕೆಯೇ ಹೇಳಿದರು.

ನಾನು ಬಳಸಿದ ‘ಬೇಕಿದ್ರೆ’ ಎಂಬ ಮಾತಿನ ಬಗ್ಗೆಯೂ ಹೇಳಲೇಬೇಕು. ಕಬ್ಬಿಣದ ಮಾತ್ರೆಯನ್ನು ನಾನು ಯಾರಿಗೂ ‘ಬೇಕಿದ್ರೆ ತಗೊಳ್ಳಿ’ ಅನ್ನುವುದಿಲ್ಲ. ‘ಇದನ್ನು ದಿನಾ ತಗೊಳ್ಳಿ, ಯಾಕಂದ್ರೆ ರಕ್ತ ಕಡಿಮೆ ಆಗಬಾರದು’ ಅನ್ನುತ್ತೇನೆ. ಡಾಕ್ಟರೇ ‘ಬೇಕಿದ್ರೆ’ ಅಂದಾಗ ಎದುರಿಗಿರುವವರಿಗೆ ಕೇಳಿಸುವುದು ಇಷ್ಟೇ: ಇದು ಅಂಥ ಮುಖ್ಯದ್ದಲ್ಲ.

ಆದರೆ ಇದು ಮುಖ್ಯದ್ದೇ. ಬಸಿರಿನಲ್ಲಿ ಫ್ಲೂ ಬರೀ ಜೋರಾದ ನೆಗಡಿಯಲ್ಲ. ಗರ್ಭಕೋಶ ಬೆಳೆದಂತೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯು, ಮೇಲಕ್ಕೆ ಸರಿಯುತ್ತದೆ. ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ದೇಹಕ್ಕೆ ಬೇಕಾದ ಆಮ್ಲಜನಕ ಜಾಸ್ತಿಯಾಗುತ್ತದೆ. ಹೃದಯವೂ ಜಾಸ್ತಿ ದುಡಿಯುತ್ತಿರುತ್ತದೆ. ಅಂದರೆ ಕೈಯಲ್ಲಿ ಉಳಿತಾಯವೇ ಇಲ್ಲದೆ ಖರ್ಚು ಏರಿದ ಮನೆಯ ಹಾಗೆ. ಅಂಥ ಸಮಯದಲ್ಲಿ ಶ್ವಾಸಕೋಶಕ್ಕೆ ಸೋಂಕು ಇಳಿದರೆ ಹದಗೆಡಲು ಹೆಚ್ಚು ಹೊತ್ತು ಬೇಡ. 2009ರ ಎಚ್1ಎನ್1 ಹಾವಳಿಯಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಗೊತ್ತಾಯಿತು. ಅಮೆರಿಕದ ಜನಸಂಖ್ಯೆಯಲ್ಲಿ ಗರ್ಭಿಣಿಯರು ಇದ್ದದ್ದು ಸುಮಾರು 1 ಶೇಕಡಾ. ಆ ಫ್ಲೂನಿಂದ ಸತ್ತವರಲ್ಲಿ ಅವರ ಪಾಲು ಸುಮಾರು 5 ಶೇಕಡಾ.

25ನೇ ವಾರ

ಅಷ್ಟು ಹೊತ್ತಿಗೆ ಫ್ಲೂ ಕಾಲ ಜೋರಾಗಿತ್ತು. ಆಕೆ ಬಂದದ್ದು ತನ್ನ ತಪಾಸಣೆಗಲ್ಲ, ಒಂದು ಪ್ರಶ್ನೆ ಕೇಳಲು. ಅತ್ತೆ ಐದು ದಿನದಿಂದ ಆಸ್ಪತ್ರೆಯಲ್ಲಿದ್ದರು. ಫ್ಲೂ ಆಗಿ, ಅದು ನ್ಯುಮೋನಿಯಾಕ್ಕೆ ತಿರುಗಿತ್ತು. “ನಾನು ಹೋಗಿ ಅವರ ಹತ್ತಿರ ಕೂರಬಹುದಾ?” ಇದು ಪ್ರಶ್ನೆ.

ಅತ್ತೆಯ ಕಥೆಯೂ ಕಲಿಯುವಂಥದ್ದೇ. ಅವರಿಗೆ ಜೋರು ಜ್ವರ ಬಂದಿರಲೇ ಇಲ್ಲ. ಎರಡು ದಿನ ಸುಮ್ನೆ ಮಲಗಿದ್ದರು, ಊಟ ಬೇಡ ಅಂದರು, ಮಾತು ಸ್ವಲ್ಪ ತಡವರಿಸುತ್ತಿತ್ತು. ಮನೆಯವರು ಸಕ್ಕರೆ ಏರುಪೇರಾಗಿದೆ ಅಂದುಕೊಂಡರು. ವಯಸ್ಸಾದವರಲ್ಲಿ ಫ್ಲೂ ಹೀಗೆ ಜ್ವರವಿಲ್ಲದೆ ಬರುವುದುಂಟು, ಅದಕ್ಕೇ ಗುರುತಿಸುವುದು ತಡವಾಗುತ್ತದೆ. ಬರೀ ಶ್ವಾಸಕೋಶಕ್ಕಷ್ಟೇ ಅಪಾಯ ಅಂತಲೂ ಅಲ್ಲ. ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಫ್ಲೂ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಾಧ್ಯತೆ ಸುಮಾರು 6 ಪಟ್ಟು ಹೆಚ್ಚಾಗಿದ್ದು ಕಂಡುಬಂತು. ಅತ್ತೆ ವರ್ಷವರ್ಷವೂ ಸಕ್ಕರೆ ಪರೀಕ್ಷೆಗೆ ಹೋಗುತ್ತಿದ್ದರು. ಲಸಿಕೆಯ ಮಾತನ್ನು ಅವರಿಗೆ ಯಾರೂ ಒಮ್ಮೆಯೂ ಎತ್ತಿರಲಿಲ್ಲ.

ಆ ದಿನ ಆಕೆಯ ತೂಕ, ರಕ್ತದೊತ್ತಡ ನೋಡಿದ್ದು ನಮ್ಮ ಹಿರಿಯ ನರ್ಸ್. ಫೈಲಿನಲ್ಲಿ ನನ್ನ ಸಾಲನ್ನು ಅವರೂ ಓದಿದರು. ಆದರೆ ಅವರು ಮುಂದಕ್ಕೆ ಹೋಗಲಿಲ್ಲ. “ಆವತ್ತು ಲಸಿಕೆ ಬೇಡ ಅಂದಿದ್ರಲ್ಲಮ್ಮಾ, ಯಾಕೆ? ಏನಾದ್ರೂ ಆಗಿತ್ತಾ?” ಅಂತ ಕೇಳಿದರು. ಕೇಳಿ, ಪೆನ್ನು ಕೆಳಗಿಟ್ಟು ಕೂತರು.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ್ದು ಇದು. ಕಳೆದ ಬಸಿರಿನಲ್ಲಿ ಗಂಡನ ಕಚೇರಿಯಲ್ಲಿ ನೌಕರರಿಗೂ ಅವರ ಮನೆಯವರಿಗೂ ಫ್ಲೂ ಲಸಿಕೆ ಹಾಕಿದ್ದರು. ಆಕೆಯೂ ಹಾಕಿಸಿಕೊಂಡಿದ್ದರು. ಐದನೇ ದಿನಕ್ಕೆ ರಕ್ತ ಕಂಡಿತು. ಆ ಮಗು ಉಳಿಯಲಿಲ್ಲ. “ನಾನು ಹಾಕಿಸ್ಕೊಳ್ಳದಿದ್ರೆ ಅದು ಇರ್ತಿತ್ತು ಅಂತ ಅನ್ನಿಸ್ತಾನೇ ಇರತ್ತೆ ಸಿಸ್ಟರ್.”

ಇದು ನಮ್ಮ ಫೈಲಿನಲ್ಲಿ ಎಲ್ಲಿಯೂ ಇರಲಿಲ್ಲ. ಲಸಿಕೆ ಬೇರೆ ಕಡೆ ಹಾಕಿದ್ದು. ಗರ್ಭಪಾತವಾದಾಗ ನೋಡಿದ್ದೂ ಬೇರೆ ಆಸ್ಪತ್ರೆ. ನಾನು ಮೊದಲ ಭೇಟಿಯಲ್ಲಿ ‘ಹಿಂದೆ ಗರ್ಭಪಾತ ಆಗಿತ್ತಾ?’ ಅಂತ ಕೇಳಿ, ಚೌಕದಲ್ಲಿ ‘1’ ಅಂತ ಬರೆದಿದ್ದೆ. ಆ ಒಂದರ ಹಿಂದೆ ಏನಿದೆ ಅಂತ ನೋಡಿರಲಿಲ್ಲ. ಇಷ್ಟು ದಿನ ನಾನು ‘ನಿರಾಕರಣೆ’ ಅಂದುಕೊಂಡಿದ್ದು ಒಬ್ಬ ತಾಯಿಯ ದುಃಖವಾಗಿತ್ತು.

ಹಳೆಯ ವರದಿ

ನರ್ಸ್ ನನ್ನನ್ನು ಕರೆದರು. ಆ ಹೊತ್ತಿನಲ್ಲಿ ನನ್ನ ಬಾಯಿಗೆ ಬಂದಿದ್ದ ಮಾತು ‘ಲಸಿಕೆಗೂ ಗರ್ಭಪಾತಕ್ಕೂ ಸಂಬಂಧ ಇಲ್ಲ’ ಎಂಬುದು. ಅದನ್ನು ಹೇಳದೆ ತಡೆದುಕೊಂಡೆ. ಮಾತು ಸರಿಯೇ ಇರಬಹುದು. ಆದರೆ ಎರಡು ವರ್ಷ ಹೊತ್ತುಕೊಂಡು ಬಂದ ಭಾರವನ್ನು ಒಂದು ವಾಕ್ಯದಲ್ಲಿ ತಳ್ಳಿಹಾಕಿದರೆ ಆಕೆ ಎದ್ದು ಹೋಗುತ್ತಿದ್ದರು. “ಆಗಿನ ಕಾಗದಪತ್ರ ಏನಾದ್ರೂ ಇದೆಯಾ?” ಅಂತ ಕೇಳಿದೆ. ಮನೆಯಲ್ಲಿದೆ, ಬಿಸಾಡಿಲ್ಲ ಅಂದರು. ಅತ್ತೆಯ ಹತ್ತಿರ ಸದ್ಯ ಹೋಗುವುದು ಬೇಡ, ಗಂಡ ಹೋದರೂ ಮಾಸ್ಕ್ ಹಾಕಿಕೊಂಡು ಹೋಗಲಿ, ಬಂದು ಕೈ ತೊಳೆಯಲಿ ಅಂತ ಹೇಳಿ ಕಳಿಸಿದೆ.

ಮರುದಿನ ಗಂಡನೂ ಜೊತೆಗೆ ಬಂದರು. ವರದಿ ಮೇಜಿನ ಮೇಲೆ ಇಟ್ಟರು. ಮೂವರೂ ಕೂತು ಓದಿದೆವು.

ಆಕೆಯ ಮುಟ್ಟು 28 ದಿನಕ್ಕೆ ಸರಿಯಾಗಿ ಬರುತ್ತಿತ್ತು. ಮೂತ್ರ ಪರೀಕ್ಷೆಯಲ್ಲಿ ಬಸಿರು ಗೊತ್ತಾಗಿದ್ದು 4 ವಾರ 3 ದಿನಕ್ಕೆ. ಲಸಿಕೆ ಹಾಕಿಸಿದ್ದು ಸರಿಯಾಗಿ 8 ವಾರಕ್ಕೆ. ರಕ್ತ ಕಂಡು ಸ್ಕ್ಯಾನ್ ಮಾಡಿದ್ದು 8 ವಾರ 5 ದಿನಕ್ಕೆ. ಆ ಹೊತ್ತಿಗೆ ಭ್ರೂಣದ ಉದ್ದ 20 ಮಿಲಿಮೀಟರಿನ ಆಸುಪಾಸು ಇರಬೇಕು. ವರದಿಯಲ್ಲಿ ಇದ್ದದ್ದು 8 ಮಿಲಿಮೀಟರ್, ಹೃದಯದ ಬಡಿತ ಇಲ್ಲ. 8 ಮಿಲಿಮೀಟರ್ ಅಂದರೆ ಆರೂ ಮುಕ್ಕಾಲು ವಾರದ ಬೆಳವಣಿಗೆ. ದಿನದ ಲೆಕ್ಕ ತಪ್ಪಿರಬಹುದಾ ಅಂತ ಗಂಡ ಕೇಳಿದರು. ಒಳ್ಳೆಯ ಪ್ರಶ್ನೆ. ಸ್ಕ್ಯಾನ್ ದಿನ ನಿಜವಾಗಿ ಆರೂ ಮುಕ್ಕಾಲು ವಾರ ಮಾತ್ರ ಆಗಿತ್ತು ಅಂದುಕೊಂಡರೆ, ಮೂತ್ರ ಪರೀಕ್ಷೆ ಎರಡೂವರೆ ವಾರಕ್ಕೇ ಬಸಿರು ತೋರಿಸಿರಬೇಕಾಗುತ್ತದೆ. ಅದು ಆಗದ ಮಾತು. ಹಾಗಾಗಿ ಲೆಕ್ಕ ಸರಿಯಾಗಿಯೇ ಇತ್ತು. ಭ್ರೂಣದ ಬೆಳವಣಿಗೆ ನಿಂತದ್ದು ರಕ್ತ ಕಾಣುವುದಕ್ಕೆ ಸುಮಾರು ಎರಡು ವಾರ ಮೊದಲು. ಅಂದರೆ ಲಸಿಕೆಗಿಂತ ಒಂದು ವಾರಕ್ಕೂ ಮೊದಲು.

ಆಕೆ ಕಾಗದದ ಮೇಲೆ ಬೆರಳಿಟ್ಟು ದಿನಗಳನ್ನು ತಾವೇ ಮತ್ತೊಮ್ಮೆ ಎಣಿಸಿದರು. ನಾವು ಯಾರೂ ಮಾತಾಡಲಿಲ್ಲ. ಗಂಡ ತಲೆ ತಗ್ಗಿಸಿಕೊಂಡು ಹೇಳಿದರು: “ಆವತ್ತು ಇವಳು ಬೇಡ ಅಂದಿದ್ಲು ಡಾಕ್ಟ್ರೇ. ನಾನೇ ಹಾಕಿಸ್ಕೋ ಅಂದಿದ್ದೆ.” ಆ ಮನೆಯಲ್ಲಿ ಇಬ್ಬರು ಬೇರೆ ಬೇರೆಯಾಗಿ ಒಂದೇ ಭಾರ ಹೊತ್ತಿದ್ದರು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ.

ಎಲ್ಲರಿಗೂ ಹೀಗೆ ವರದಿ ಸಿಗುವುದಿಲ್ಲ. ಸಿಕ್ಕರೂ ಲೆಕ್ಕ ಇಷ್ಟು ಸ್ಪಷ್ಟವಾಗಿ ಬರುವುದಿಲ್ಲ. ಆದರೆ ಗೊತ್ತಾದ ಬಸಿರುಗಳಲ್ಲಿ 10ರಿಂದ 20 ಶೇಕಡಾ ಗರ್ಭಪಾತದಲ್ಲಿ ಕೊನೆಯಾಗುತ್ತವೆ, ಮೊದಲ ಮೂರು ತಿಂಗಳಲ್ಲಿ ಹೋಗುವುದರಲ್ಲಿ ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮಿನ ದೋಷವೇ ಕಾರಣ. ಅಷ್ಟು ಸಾಮಾನ್ಯವಾದದ್ದು ಯಾವುದಾದರೂ ಚುಚ್ಚುಮದ್ದಿನ ಹಿಂದೆಮುಂದೆ ಬಂದೇ ಬರುತ್ತದೆ.

ಗಂಡನ ಫೋನಿನಲ್ಲಿ ಒಂದು ಲೇಖನವೂ ಉಳಿದಿತ್ತು. ಫ್ಲೂ ಲಸಿಕೆಗೂ ಗರ್ಭಪಾತಕ್ಕೂ ನಂಟು ಇರಬಹುದು ಎಂಬ 2017ರ ಅಮೆರಿಕದ ಅಧ್ಯಯನದ ಸುದ್ದಿ. ಇದನ್ನು ಸುಳ್ಳು ಸುದ್ದಿ ಅಂದುಬಿಡುವುದು ಸುಲಭ, ಆದರೆ ಅದು ಸುಳ್ಳು ಸುದ್ದಿಯಲ್ಲ. ಅಂಥ ಅಧ್ಯಯನ ನಿಜವಾಗಿ ಬಂದಿತ್ತು. 2010ರಿಂದ 2012ರವರೆಗಿನ ಎರಡು ಸೀಸನ್‌ಗಳನ್ನು ನೋಡಿ, ಹಿಂದಿನ ವರ್ಷವೂ ಲಸಿಕೆ ಪಡೆದಿದ್ದವರಲ್ಲಿ ಅಂಥ ಒಂದು ಸುಳಿವು ಕಂಡಿದೆ ಎಂದಿತ್ತು. ಅದೇ ತಂಡ ಸುಮ್ಮನೆ ಕೂರಲಿಲ್ಲ. ಮುಂದಿನ ಮೂರು ಸೀಸನ್‌ಗಳ ಮಾಹಿತಿ ತೆಗೆದು, ಇನ್ನೂ ಹೆಚ್ಚು ಹೆಂಗಸರನ್ನು ಸೇರಿಸಿ ಮತ್ತೆ ನೋಡಿತು. 2019ರಲ್ಲಿ ಬಂದ ಆ ಫಲಿತಾಂಶದಲ್ಲಿ ನಂಟು ಕಾಣಲಿಲ್ಲ, ಸತತ ಎರಡು ವರ್ಷ ಹಾಕಿಸಿಕೊಂಡವರಲ್ಲೂ ಕಾಣಲಿಲ್ಲ. ಎರಡನ್ನೂ ಅವರ ಮುಂದೆ ಇಟ್ಟೆ. “ಎರಡನೇದು ನಮಗೆ ಯಾರೂ ಕಳಿಸಲೇ ಇಲ್ಲ,” ಅಂದರು. ಹೆದರಿಸುವ ಸುದ್ದಿ ಹೋದಷ್ಟು ದೂರ ಸಮಾಧಾನದ ಸುದ್ದಿ ಹೋಗುವುದಿಲ್ಲ.

ಆಮೇಲೆ ಪ್ರಶ್ನೆಗಳು ಸರಾಗವಾಗಿ ಬಂದವು. ವರ್ಷವರ್ಷ ಯಾಕೆ ಹಾಕಿಸಬೇಕು? ವೈರಸ್ ರೂಪ ಬದಲಿಸುತ್ತಲೇ ಇರುತ್ತದೆ, ಲಸಿಕೆಯ ಬಲವೂ ತಿಂಗಳು ಕಳೆದಂತೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಯಾವ ತಳಿಗಳನ್ನು ಲಸಿಕೆಯಲ್ಲಿ ಸೇರಿಸಬೇಕೆಂದು ಹೇಳುತ್ತದೆ: ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣ ಗೋಳಾರ್ಧಕ್ಕೆ. ಹಾಕಿಸಿದ ಮೇಲೂ ಫ್ಲೂ ಬರಲ್ವಾ? ಬರಬಹುದು. ತಳಿ ಚೆನ್ನಾಗಿ ಹೊಂದಿದ ವರ್ಷ ಡಾಕ್ಟರ ಹತ್ತಿರ ಹೋಗಬೇಕಾದಷ್ಟು ಫ್ಲೂ ಬರುವ ಸಾಧ್ಯತೆ 40ರಿಂದ 60 ಶೇಕಡಾ ಇಳಿಯುತ್ತದೆ, ಅಷ್ಟೇ. ಆದರೆ ಗರ್ಭಿಣಿಯರಲ್ಲಿ ಫ್ಲೂನಿಂದ ಆಸ್ಪತ್ರೆ ಸೇರುವುದು ಸರಾಸರಿ 40 ಶೇಕಡಾ ಕಡಿಮೆಯಾಗಿದ್ದನ್ನು ನಾಲ್ಕು ದೇಶಗಳ ಮಾಹಿತಿ ಸೇರಿಸಿ ನೋಡಿದ 2018ರ ಅಧ್ಯಯನ ತೋರಿಸಿದೆ. ಲಸಿಕೆಯಿಂದಲೇ ಫ್ಲೂ ಬರುತ್ತಾ? ಚುಚ್ಚುಮದ್ದಿನಲ್ಲಿ ಜೀವಂತ ವೈರಸ್ ಇಲ್ಲ, ಹಾಗಾಗಿ ಬರುವುದಿಲ್ಲ. ಮೂಗಿಗೆ ಸಿಂಪಡಿಸುವ ಬಗೆಯಲ್ಲಿ ಬಲ ಕುಂದಿಸಿದ ಜೀವಂತ ವೈರಸ್ ಇರುತ್ತದೆ. ಅದನ್ನು ಗರ್ಭಿಣಿಯರಿಗೆ ಕೊಡುವುದಿಲ್ಲ.

ಮಗುವಿಗೇನು ಲಾಭ ಎಂದು ಆಕೆ ಕೇಳಿದಾಗ ಬಾಂಗ್ಲಾದೇಶದ ಪ್ರಯೋಗದ ಬಗ್ಗೆ ಹೇಳಿದೆ. ಅಲ್ಲಿ 340 ತಾಯಂದಿರಿಗೆ ಬಸಿರಿನ ಕೊನೆಯ ತಿಂಗಳುಗಳಲ್ಲಿ ಫ್ಲೂ ಲಸಿಕೆ ಇಲ್ಲವೇ ಬೇರೊಂದು ಲಸಿಕೆ ಕೊಟ್ಟು, ಹುಟ್ಟಿದ ಮಕ್ಕಳನ್ನು ಗಮನಿಸಿದ್ದರು. ಫಲಿತಾಂಶ 2008ರಲ್ಲಿ ಬಂತು. ಫ್ಲೂ ಲಸಿಕೆ ಪಡೆದ ತಾಯಂದಿರ ಮಕ್ಕಳಲ್ಲಿ, ಪರೀಕ್ಷೆಯಿಂದ ಖಚಿತವಾದ ಫ್ಲೂ 63 ಶೇಕಡಾ ಕಡಿಮೆ ಇತ್ತು. ಆರು ತಿಂಗಳು ತುಂಬುವವರೆಗೆ ಮಗುವಿಗೆ ಫ್ಲೂ ಲಸಿಕೆ ಕೊಡುವಂತಿಲ್ಲ. ಅಲ್ಲಿಯವರೆಗೆ ಅದಕ್ಕೆ ಇರುವುದು ತಾಯಿಯಿಂದ ಹೊಕ್ಕುಳಬಳ್ಳಿಯ ಮೂಲಕ ಬಂದ ರಕ್ಷಣೆಯೇ.

ಹಾಕುವ ಮುಂಚಿನ ಮಾತು

ಆಕೆ ಒಪ್ಪಿದರು. ಈಗ ನಮ್ಮ ಮುಂದೆ ಇನ್ನೊಂದು ತೀರ್ಮಾನ ಇತ್ತು. ಅತ್ತೆ ಆಸ್ಪತ್ರೆಗೆ ಸೇರುವ ಮುಂಚೆ ಆಕೆಯೇ ಅವರನ್ನು ನೋಡಿಕೊಂಡಿದ್ದರು. ಆಗಲೇ ಐದಾರು ದಿನ ಕಳೆದಿತ್ತು, ಹಾಗಾಗಿ ಸೋಂಕು ತಡೆಯಲು ಮುಂಜಾಗ್ರತೆಯಾಗಿ ಕೊಡುವ ಔಷಧಿಯ ಸಮಯ ಮೀರಿತ್ತು. ಅದನ್ನು ಸಂಪರ್ಕವಾದ 48 ಗಂಟೆಯೊಳಗೆ ಶುರು ಮಾಡಬೇಕು. ಮನೆಯಲ್ಲಿ ಮಗು ಬೇರೆ, ಶಾಲೆ ತುಂಬ ಕೆಮ್ಮು. ಇವತ್ತು ಹಾಕಿದರೂ ರಕ್ಷಣೆ ಕೂಡಲು ಎರಡು ವಾರ ಬೇಕು. ನಡುವೆ ಫ್ಲೂ ಬಂದರೆ? ‘ನೋಡಿ, ಲಸಿಕೆ ಹಾಕಿಸಿದ್ದಕ್ಕೇ ಬಂತು’ ಅಂತ ಆಗುವುದಿಲ್ಲವಾ? ಸ್ವಲ್ಪ ದಿನ ಕಾದು ಹಾಕೋಣವಾ ಅಂತ ಸಹೋದ್ಯೋಗಿ ಕೇಳಿದರು.

ನನಗೂ ಆ ಹೆದರಿಕೆ ಇತ್ತು. ಆದರೆ ಕಾಯುವುದು ನಮ್ಮ ಮುಖ ಉಳಿಸಿಕೊಳ್ಳಲಿಕ್ಕೇ ಹೊರತು ಆಕೆಗೆ ಅದರಿಂದ ಏನೂ ಒಳ್ಳೆಯದಾಗುವುದಿಲ್ಲ. ಆಕೆಗೆ ಜ್ವರ ಇರಲಿಲ್ಲ. ಸಂಪರ್ಕಕ್ಕೆ ಬಂದದ್ದು ಲಸಿಕೆಗೆ ಅಡ್ಡಿಯಲ್ಲ. ಹಾಗಾಗಿ ಅವತ್ತೇ ಹಾಕುವುದು, ಆದರೆ ಎಲ್ಲವನ್ನೂ ಮೊದಲೇ ಹೇಳಿ ಹಾಕುವುದು ಅಂತ ತೀರ್ಮಾನಿಸಿದೆವು.

ನಾನು ಹೇಳಿದ್ದು ಹೆಚ್ಚುಕಡಿಮೆ ಹೀಗೆ: “ಕೈ ಒಂದೆರಡು ದಿನ ನೋಯುತ್ತೆ. ಮೈಕೈ ನೋವು, ಸಣ್ಣ ಜ್ವರ ಬರಬಹುದು, ಅದು ಎರಡು ದಿನದಲ್ಲಿ ಹೋಗುತ್ತೆ. ಇನ್ನೊಂದು ವಿಷಯ. ಮುಂದಿನ ಎರಡು ವಾರ ಲಸಿಕೆ ನಿಮ್ಮನ್ನು ಪೂರ್ತಿ ಕಾಯಲ್ಲ. ಮನೆಯಲ್ಲಿ ಈಗಾಗಲೇ ಫ್ಲೂ ಬಂದಿದೆ. ಈ ಎರಡು ವಾರದಲ್ಲಿ ನಿಮಗೂ ಬರಬಹುದು. ಬಂದರೆ ಅದು ಲಸಿಕೆಯಿಂದ ಅಲ್ಲ. ಜ್ವರ, ಗಂಟಲು ನೋವು, ಕೆಮ್ಮು ಏನೇ ಶುರುವಾದ್ರೂ ಬೆಳಗಾಗಲಿ ಅಂತ ಕಾಯಬೇಡಿ, ಆ ಗಳಿಗೆಯಲ್ಲೇ ಫೋನ್ ಮಾಡಿ.”

ನರ್ಸ್ ಇದನ್ನೇ ಒಂದು ಚೀಟಿಯಲ್ಲಿ ಬರೆದು, ಫೋನ್ ನಂಬರ್ ಹಾಕಿ ಗಂಡನ ಕೈಗೆ ಕೊಟ್ಟರು. ಲಸಿಕೆ ಅದೇ ಕೋಣೆಯ ಫ್ರಿಜ್‌ನಲ್ಲಿತ್ತು. ಕೂತ ಕುರ್ಚಿಯಲ್ಲೇ ತೋಳಿಗೆ ಹಾಕಿದರು. ಗಂಡನಿಗೂ ಅಲ್ಲೇ ಹಾಕಿದೆವು.

ಒಂಬತ್ತನೇ ದಿನ

ಫೋನ್ ಬಂತು. ರಾತ್ರಿ ಹನ್ನೊಂದು ಗಂಟೆ. ಎರಡು ದಿನದಿಂದ ಮಗುವಿಗೆ ಜ್ವರ ಇತ್ತು, ಈಗ ಆಕೆಗೆ 101 ಡಿಗ್ರಿ, ಮೈ ತುಂಬ ನೋವು, ಒಣ ಕೆಮ್ಮು. ಗಂಡ ಮೊದಲು ಹೇಳಿದ ಮಾತನ್ನು ನಾನು ಮರೆಯಲಾರೆ: “ನೀವು ಹೇಳಿದ್ರಲ್ಲ ಡಾಕ್ಟ್ರೇ, ಹಾಗೇ ಆಯ್ತು. ಈಗ ಏನು ಮಾಡೋಣ?”

ಒಂಬತ್ತು ದಿನದ ಹಿಂದಿನ ಆ ಐದು ನಿಮಿಷದ ಮಾತು ಇರದಿದ್ದರೆ ಈ ಫೋನ್ ಬರುತ್ತಲೇ ಇರಲಿಲ್ಲ ಅಂತ ನನಗೆ ಅನಿಸುತ್ತದೆ. ಅವರು ಮತ್ತೆ ಲಸಿಕೆಯನ್ನೇ ದೂರುತ್ತಾ ಮನೆಯಲ್ಲೇ ಕೂತಿರುತ್ತಿದ್ದರು. ನನ್ನ ಮೇಲಿನ ನಂಬಿಕೆಯೂ ಆವತ್ತಿಗೇ ಮುಗಿಯುತ್ತಿತ್ತು.

ಪರೀಕ್ಷೆಯ ಫಲಿತಾಂಶಕ್ಕೆ ಕಾಯಲಿಲ್ಲ. ಗರ್ಭಿಣಿಗೆ ಫ್ಲೂ ಅನುಮಾನ ಬಂದರೆ ಔಷಧಿ ತಕ್ಷಣ ಶುರುವಾಗಬೇಕು, 48 ಗಂಟೆಯೊಳಗೆ ಕೊಟ್ಟರೆ ಪ್ರಯೋಜನ ಹೆಚ್ಚು. ಆ ರಾತ್ರಿಯೇ ಓಸೆಲ್ಟಾಮಿವಿರ್ 75 ಮಿಲಿಗ್ರಾಂ ಶುರು ಮಾಡಿಸಿದೆ, ದಿನಕ್ಕೆ ಎರಡು ಸಲ, ಐದು ದಿನ. ಜ್ವರಕ್ಕೆ ಪ್ಯಾರಾಸಿಟಮಾಲ್. ಬೆಳಿಗ್ಗೆ ಪರೀಕ್ಷೆಯಲ್ಲಿ ಇನ್‌ಫ್ಲುಯೆಂಜಾ ಎ ಖಚಿತವಾಯಿತು.

ಮೂರನೇ ದಿನ ಉಬ್ಬಸ ಕೆರಳಿತು. ಬೆರಳಿಗೆ ಹಾಕಿ ನೋಡುವ ಮೀಟರಿನಲ್ಲಿ ಆಮ್ಲಜನಕ 93ಕ್ಕೆ ಇಳಿಯಿತು. ಬಸಿರಿನಲ್ಲಿ ಅದು 95ಕ್ಕಿಂತ ಕೆಳಗೆ ಬರಬಾರದು, ಮಗುವೂ ಉಸಿರಾಡುವುದು ಅದೇ ರಕ್ತದಿಂದ. ದಾಖಲು ಮಾಡಿಕೊಂಡೆವು. ಎರಡು ರಾತ್ರಿ ಸ್ವಲ್ಪ ಆಮ್ಲಜನಕ, ನೆಬುಲೈಸರ್. ಮಗುವಿನ ಹೃದಯ ಬಡಿತ ಚೆನ್ನಾಗಿತ್ತು. ಮೂರನೇ ಬೆಳಿಗ್ಗೆ ಆಕೆ ಕೊಳವೆ ಇಲ್ಲದೆ 97 ತೋರಿಸಿದರು, ಎದ್ದು ನಡೆದರು. ಅಷ್ಟರಲ್ಲಿ ಅತ್ತೆ ಮನೆಗೆ ಬಂದಿದ್ದರು. ಸೊಸೆಯನ್ನು ನೋಡಲು ಬರುತ್ತೇನೆ ಅಂತ ಹಟ ಹಿಡಿದವರನ್ನು ತಡೆಯುವುದೇ ಮಗನಿಗೆ ಕೆಲಸವಾಗಿತ್ತಂತೆ.

39ನೇ ವಾರದಲ್ಲಿ ಸಹಜ ಹೆರಿಗೆ ಆಯಿತು. ಹೆಣ್ಣು ಮಗು, ಆರೋಗ್ಯವಾಗಿತ್ತು.

ಈ ಪ್ರಕರಣದಿಂದ ತೆಗೆದುಕೊಂಡದ್ದು

ಲಸಿಕೆ ಆಕೆಯನ್ನು ಉಳಿಸಿತು ಅಂತ ನಾನು ಹೇಳಲಾರೆ. ಒಂಬತ್ತು ದಿನಕ್ಕೆ ಅದರ ಬಲ ಪೂರ್ತಿ ಬಂದಿರುವುದಿಲ್ಲ. ಆಕೆ ಬೇಗ ಚೇತರಿಸಿಕೊಂಡದ್ದು ಮುಖ್ಯವಾಗಿ ಆ ರಾತ್ರಿಯೇ ಶುರುವಾದ ಔಷಧಿಯಿಂದ ಎಂದು ನನ್ನ ನಂಬಿಕೆ. ಆದರೆ ಅದೇ ಲಸಿಕೆಯನ್ನು 14ನೇ ವಾರದಲ್ಲಿ ಹಾಕಿದ್ದರೆ, ಮಗು ಶಾಲೆಯಿಂದ ವೈರಸ್ ತರುವ ಹೊತ್ತಿಗೆ ಹನ್ನೆರಡು ವಾರ ಕಳೆದಿರುತ್ತಿತ್ತು. ಆಗಲೂ ಫ್ಲೂ ಬರುವುದೇ ಇಲ್ಲ ಅಂತ ಮಾತು ಕೊಡಲಾಗುತ್ತಿರಲಿಲ್ಲ. ಆದರೆ ಆ ಅವಕಾಶವನ್ನು ಆಕೆಯಿಂದ ಕಿತ್ತುಕೊಂಡದ್ದು ಯಾವ ಸುಳ್ಳು ಸುದ್ದಿಯೂ ಅಲ್ಲ, ಕೇಳದೇ ಬಿಟ್ಟ ನನ್ನ ‘ಯಾಕೆ’.

ಫೈಲಿನಲ್ಲಿ ‘ನಿರಾಕರಿಸಿದ್ದಾರೆ’ ಎಂದು ಬರೆಯುವುದನ್ನು ನಾವು ನಿಲ್ಲಿಸಿದ್ದೇವೆ. ಈಗ ಬರೆಯುವುದು: ‘ಇವತ್ತು ಬೇಡ ಅಂದರು’, ಅದರ ಕೆಳಗೆ ಆಕೆಯ ಮಾತಿನಲ್ಲೇ ಕಾರಣ, ಮತ್ತೆ ಕೇಳಬೇಕಾದ ದಿನ. ಕಾರಣ ಬರೆಯಲು ಜಾಗ ಇದ್ದರೆ ಕೇಳಲೇಬೇಕಾಗುತ್ತದೆ. ಹಾಗೆ ಕೇಳಲು ಶುರು ಮಾಡಿದ ಮೇಲೆ ಗೊತ್ತಾಯಿತು, ‘ಬೇಡ’ ಅನ್ನುವುದು ಒಂದೇ ಮಾತಲ್ಲ. ಒಬ್ಬರಿಗೆ ಸೂಜಿಯ ಹೆದರಿಕೆ. ಒಬ್ಬರಿಗೆ ಅತ್ತೆಯನ್ನು ಕೇಳದೆ ಒಪ್ಪಲು ಆಗದು. ಒಬ್ಬರಿಗೆ ಮೊಟ್ಟೆಯ ಅಲರ್ಜಿ ಇದೆ, ಅದಕ್ಕೆ ಆಗಲ್ಲ ಅಂತ ಯಾವಾಗಲೋ ಹೇಳಿದ್ದರು. ಮೊಟ್ಟೆ ಅಲರ್ಜಿ ಇದ್ದರೂ ಫ್ಲೂ ಲಸಿಕೆ ಹಾಕಿಸಿಕೊಳ್ಳಬಹುದು, ಬೇರೆ ಯಾವ ಲಸಿಕೆಗೂ ತೆಗೆದುಕೊಳ್ಳುವಷ್ಟೇ ಎಚ್ಚರ ಸಾಕು. ನಿಜವಾಗಿ ತಡೆಯಬೇಕಾದ್ದು ಹಿಂದೆ ಫ್ಲೂ ಲಸಿಕೆಗೇ ಜೀವಕ್ಕೆ ಅಪಾಯವಾಗುವಂಥ ಅಲರ್ಜಿ ಆಗಿದ್ದವರನ್ನು. ಗಿಲಾನ್ ಬಾರೆ ಎಂಬ ನರಗಳ ಕಾಯಿಲೆ ಲಸಿಕೆ ಹಾಕಿಸಿದ ಆರು ವಾರದೊಳಗೆ ಬಂದಿದ್ದವರ ವಿಷಯದಲ್ಲೂ ಯೋಚಿಸಿ ಮುಂದುವರಿಯಬೇಕು. ಅಂಥವರು ತೀರಾ ಕಡಿಮೆ.

‘ಬೇಕಿದ್ರೆ’ ಎಂಬ ಪದವನ್ನೂ ಬಿಟ್ಟಿದ್ದೇನೆ. “ಇವತ್ತು ನಿಮಗೆ ಫ್ಲೂ ಲಸಿಕೆ ಹಾಕುವ ದಿನ. ಕೇಳಬೇಕಾದ್ದು ಏನಾದ್ರೂ ಇದೆಯಾ?” ಅನ್ನುತ್ತೇನೆ. ಒತ್ತಾಯವಲ್ಲ, ಬೇಡ ಅನ್ನಲು ಜಾಗ ಇದ್ದೇ ಇದೆ. ಆದರೆ ನನ್ನ ಸಲಹೆ ಏನು ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಇದನ್ನು ಭೇಟಿಯ ಕೊನೆಯಲ್ಲಿ, ಬಾಗಿಲ ಹತ್ತಿರ ಹೇಳುವುದಿಲ್ಲ. ಕೂತ ಕೂಡಲೇ ಹೇಳುತ್ತೇನೆ.

ಗರ್ಭಿಣಿಯ ಜೊತೆ ಬಂದವರನ್ನೂ ಈಗ ಕೇಳುತ್ತೇವೆ: ಮನೆಯಲ್ಲಿ ವಯಸ್ಸಾದವರು ಯಾರಿದ್ದಾರೆ, ಸಕ್ಕರೆ, ಹೃದಯ, ಶ್ವಾಸಕೋಶದ ತೊಂದರೆ ಇದೆಯಾ? ಅತ್ತೆ ಚೇತರಿಸಿಕೊಂಡ ಮೇಲೆ ಲಸಿಕೆ ಹಾಕಿಸಿಕೊಂಡರು. ಒಮ್ಮೆ ಬಂದು ಹೋಯ್ತಲ್ಲ, ಇನ್ನು ಯಾಕೆ ಅಂತ ಅವರು ಕೇಳಿದ್ದರು. ಬಂದದ್ದು ಒಂದು ತಳಿ. ಅದೇ ಸೀಸನ್‌ನಲ್ಲಿ ಇನ್ನೊಂದು ಬರಬಾರದು ಅಂತೇನಿಲ್ಲ. 65 ದಾಟಿದವರಿಗೆಂದೇ ನಾಲ್ಕು ಪಟ್ಟು ಅಂಶ ಇರುವ ಲಸಿಕೆಯೂ ಇದೆ, ಸಿಕ್ಕರೆ ಅದು ಒಳ್ಳೆಯದು. ಸಿಗದಿದ್ದರೆ ಅದಕ್ಕಾಗಿ ಕಾಯುವುದು ಬೇಡ, ಇರುವುದನ್ನೇ ಹಾಕಿಸಿಕೊಳ್ಳಬೇಕು.

ನರ್ಸ್‌ಗೆ ನಾನು ಒಮ್ಮೆ ಕೇಳಿದೆ, ಆವತ್ತು ಆ ಸಾಲು ಓದಿಯೂ ನೀವು ಯಾಕೆ ಕೇಳಿದಿರಿ ಅಂತ. “ಅತ್ತೆಗೋಸ್ಕರ ಇಷ್ಟು ಹೆದರ್ತಿದಾರೆ, ತನಗೆ ಮಾತ್ರ ಬೇಡ ಅಂದಿದಾರೆ. ಹೊಂದಲಿಲ್ಲ ಡಾಕ್ಟ್ರೇ,” ಅಂದರು.

ಹೆರಿಗೆಯಾಗಿ ಮನೆಗೆ ಹೊರಡುವ ದಿನ ಆಕೆ ಆ ಹಳೆಯ ಸ್ಕ್ಯಾನ್ ವರದಿ ವಾಪಸ್ ಕೇಳಿದರು. ಫೈಲಿನಲ್ಲಿ ಇರಲಿ ಅಂತ ಒಂದು ಪ್ರತಿ ಇಟ್ಟುಕೊಂಡು ಮೂಲವನ್ನು ಕೊಟ್ಟೆ. ಮಡಚಿ ಕೈಚೀಲದಲ್ಲಿ ಇಟ್ಟುಕೊಂಡರು.

ಆರು ತಿಂಗಳು ಕಳೆದು ಹೊಸ ವರ್ಷದ ಲಸಿಕೆ ಬಂದ ವಾರ ಆಕೆ ಮಗುವನ್ನು ಎತ್ತಿಕೊಂಡು ಬಂದರು. ಹಿಂದೆ ಗಂಡ, ಅಕ್ಕನಾದ ದೊಡ್ಡ ಮಗು, ಅತ್ತೆ. ಆಕೆಯೂ ಸೇರಿ ನಾಲ್ವರೂ ತೋಳು ಮಡಚಲು ತಯಾರಾಗಿ ನಿಂತಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ ಆಕೆ ಕೇಳಿದರು: “ಇವಳಿಗೆ ನಿನ್ನೆಗೆ ಆರು ತಿಂಗಳು ತುಂಬ್ತು ಡಾಕ್ಟ್ರೇ. ಮೊದಲನೇ ಸಲ ಅಲ್ವಾ, ನಾಲ್ಕು ವಾರ ಬಿಟ್ಟು ಇನ್ನೊಂದು ಡೋಸ್‌ಗೆ ಯಾವತ್ತು ಕರ್ಕೊಂಡು ಬರಲಿ?”